ಆರನೇ ಕಲ್ಲಿಗೆ ಹೆಸರಿಲ್ಲ

"ಕಣ್ಣು ಕಾಣಂಗಿಲ್ಲೇನ್ರಿ ನಿಮಗ?!"

ಲುಂಬಿನಿ ಕೂಗಿದ ರಭಸಕ್ಕೆ ಸೈಬರ್ ಕೆಫೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಲ್ಕನೇ ಕಂಪ್ಯೂಟರಿನ ಮುಂದೆ ಕೂತಿದ್ದವನ ಮೊಣಕೈ ತಾಗಿ ಅವಳ ನೀರಿನ ಬಾಟಲಿ ಉರುಳಿತ್ತು. ಬೆಳಗಿನಿಂದ ಕೂತು ತುಂಬಿಸಿಟ್ಟಿದ್ದ ರೈಲ್ವೆ ಪರೀಕ್ಷೆಯ ಅರ್ಜಿಗಳೆಲ್ಲ ತೊಯ್ದು ತೊಪ್ಪೆಯಾಗಿದ್ದವು.

ಅವನು ಗಾಬರಿಯಿಂದ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಮಾಧ್ವರ ತೆಳ್ಳನೆಯ ಅಂಗಾರದ ಗೆರೆ, ಮುಖದ ಮೇಲೆ ಒಂದು ಪೆದ್ದು ನಗು.

"ಸ್ವಲ್ಪ ಸ್ವಲ್ಪ ಕಾಣ್ತಾವ್ರಿ," ಎಂದ.

ತಪ್ಪು ಮಾಡಿ ಮೇಲೆ ಜೋಕು ಬೇರೆ! ಲುಂಬಿನಿಗೆ ಮೈಯೆಲ್ಲ ಉರಿಯಿತು.

"ನಗ್ತೀರಿ ಮತ್ತ! ಇವೆಲ್ಲ ಯಾರು ಬರೀಬೇಕು?"

"ನೀವು ಓದಿ ಹೇಳ್ರಿ, ನಾ ಬರೀತೀನಿ. ಅಕ್ಷರ ಛಂದ ಅದಾವ ನನ್ನವು."

ಅವನು ನಿಜವಾಗಿಯೂ ಕೂತು ಬರೆದ. ಹನ್ನೊಂದು ಅರ್ಜಿ! ಹಾಳೆಯ ಮೇಲೆ ತಲೆಯನ್ನು ಕೋಳಿಯ ಹಾಗೆ ಅತ್ತ ಇತ್ತ ಆಡಿಸುತ್ತ ಬರೆಯುವ ಅವನನ್ನು ನೋಡಿ ಅವಳಿಗೆ ಸಿಟ್ಟು ಇಳಿದು ನಗು ಬಂತು.

'ವಿಚಿತ್ರ ಮನುಷ್ಯ... ಆದರೆ ಅಕ್ಷರ ಮಾತ್ರ ಮುತ್ತು!'

ಅದು ಎರಡು ಸಾವಿರದ ಏಳನೇ ಇಸವಿಯ ಜನವರಿ. ವಾಡಿ ಸ್ಟೇಷನ್ ರಸ್ತೆಯಲ್ಲಿ ಬಂದೇಅಲಿ ಚಾಚಾನ ಸೈಬರ್. ಲುಂಬಿನಿ ಬಿ.ಎ. ಮುಗಿಸಿ ಅಲ್ಲಿ ಕೆಲಸಕ್ಕಿದ್ದಳು. ದಿನಾ ಶಹಾಬಾದದಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು ಸಂಜೆ ಹಿಂದಿರುಗುತ್ತಿದ್ದಳು. ಅವಳ ಅಪ್ಪ ದೇವಿಂದ್ರಪ್ಪ ಶಹಾಬಾದದಲ್ಲಿ ಕಲ್ಲಿಗೆ ಪಾಲಿಷ್ ಹಾಕುವ ಒಂದು ಯಾರ್ಡಿನಲ್ಲಿ ಕಲ್ಲು ಕೊಯ್ಯುವವನು. ಅವನು, ಅಂದರೆ ನಮ್ಮ ಕೋಳಿತಲೆಯ ಪ್ರಾಣೇಶ, ಚಿತ್ತಾಪುರದವನು. ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ. ವಾಡಿಗೆ ಬರುತ್ತಿದ್ದದ್ದು ಒಂದೇ ಒಂದು ಕೆಲಸಕ್ಕೆ.

ಆಟಕ್ಕೆ!

ಹೌದು, ಇಪ್ಪತ್ತಾರು ವರ್ಷದ ಗಣಿತದ ಮೇಷ್ಟ್ರು ಕಂಪ್ಯೂಟರಿನಲ್ಲಿ ಮೃಗಗಳ ಕಾಳಗ ಆಡುತ್ತಿದ್ದ. ಎದುರಿನವನು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತಿರುತ್ತಾನೆ. ಇಬ್ಬರಿಗೂ ಆರಾರು ಮೃಗ. ಪ್ರತಿ ಮೃಗಕ್ಕೂ ನಾಲ್ಕು ಪಟ್ಟು. ಒಂದರಿಂದ ನಾಲ್ಕರ ತನಕ ಗುಂಡಿ ಒತ್ತಬೇಕು, ಇಪ್ಪತ್ತು ಸೆಕೆಂಡಿನೊಳಗೆ. ಬೆಂಕಿ, ನೀರು, ಗಿಡ, ಗಾಳಿ, ಕಲ್ಲು ಎಂದು ಮೃಗಗಳಲ್ಲಿ ಬಗೆಬಗೆ. ಎಲ್ಲರೂ ಬೆರಕೆ ತಂಡ ಕಟ್ಟಿದರೆ, ಪ್ರಾಣೇಶನಿಗೆ ಬೇಕಾಗಿದ್ದು ಒಂದೇ ಬಗೆಯ ತಂಡ. ಅಂಥವರಿಗೇ ಒಂದು ಬೇರೆ ಪಂದ್ಯಾವಳಿ ಇತ್ತು, ಮಾರ್ಚಿನಲ್ಲಿ.

"ಯಾವ ಬಗೀದು ಕಟ್ಲಿ? ನೀವೇ ಹೇಳ್ರಿ," ಎಂದು ಒಂದು ದಿನ ಅವಳನ್ನೇ ಕೇಳಿದ.

"ಕಲ್ಲು."

"ಕಲ್ಲಾ? ನೀರಿನ ತಂಡ ಎದುರಿಗಿ ಬಂದ್ರ ಕಲ್ಲು ಮುಗೀತು!"

"ನಂಗ ಕಲ್ಲು ಬಿಟ್ರ ಬ್ಯಾರೆ ಏನು ಗೊತ್ತದ್ರಿ?"

"ಆಯ್ತು, ಕಲ್ಲೇ," ಎಂದುಬಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ! ವಾರಕ್ಕೆ ಮೂರು ಮಧ್ಯಾಹ್ನ. ಅವನು ನಾಲ್ಕನೇ ನಂಬರಿನ ಮುಂದೆ, ಅವಳು ಪಕ್ಕದ ಸ್ಟೂಲಿನ ಮೇಲೆ. ಎದುರಿನವನು ಏನು ತಂದ ಎಂದು ಅವಳು ಓದಿ ಹೇಳಬೇಕು, ಇವನು ಗುಂಡಿ ಒತ್ತಬೇಕು. ಮೃಗಗಳಿಗೆ ಯಾರ್ಡಿನ ಹೆಸರುಗಳನ್ನೇ ಇಟ್ಟರು. ಹಾಸುಗಲ್ಲಿನ ಹೆಸರಿನ ಫರಸಿ, ಉಳಿ, ಸುತ್ತಿಗಿ, ಗುಂಡ್ಯಾ, ಧೂಳವ್ವ.

ಧೂಳವ್ವ ಲುಂಬಿನಿಯ ಉಪಾಯ. ಅದು ಬಂದ ಕೂಡಲೇ ಧೂಳು ಎಬ್ಬಿಸುತ್ತದೆ. ಕಲ್ಲಿನ ಮೃಗಗಳಿಗೆ ಏನೂ ಆಗುವುದಿಲ್ಲ, ಎದುರಿನವು ಸರದಿಗೊಮ್ಮೆ ಸೊರಗುತ್ತವೆ.

"ನಮ್ಮ ಯಾರ್ಡಿಗಿ ಹೊರಗಿನವ್ರು ಬಂದ್ರ ಹಿಂಗೇ ರೀ. ಎರಡು ನಿಮಿಷದಾಗ ಕೆಮ್ಮಾಕ ಶುರು!"

"ನಿಮ್ಮ ಅಪ್ಪಗ ಕೆಮ್ಮು ಇಲ್ಲೇನು?"

"ಅದ ರೀ... ಹೊರಗಿನವ್ರ ಮುಂದ ಕೆಮ್ಮಂಗಿಲ್ಲ," ಎಂದಳು. ಅವನು ನಗಲಿಲ್ಲ. ಅವನು ನಗದೇ ಇದ್ದದ್ದು ಅವಳಿಗೆ ಹಿಡಿಸಿತು.

"ಆರನೇದಕ್ಕ ಹೆಸರು?"

"ಅದು ಇರ್ಲಿ. ಆಮ್ಯಾಲ ಇಡ್ತೀನಿ."

ಎಷ್ಟು ಸಲ ಕೇಳಿದರೂ ಅದೇ ಉತ್ತರ. ಇನ್ನೊಂದು ವಿಚಿತ್ರವೂ ಇತ್ತು. ಆರೂ ಮೃಗಗಳ ನಾಲ್ಕು ಪಟ್ಟುಗಳನ್ನು ಅವನು ಒಂದೇ ಕ್ರಮದಲ್ಲಿ ಜೋಡಿಸಿದ್ದ. ಒಂದು ಒತ್ತಿದರೆ ದೊಡ್ಡ ಏಟು, ಎರಡು ತಡೆ, ಮೂರು ಸಣ್ಣ ಏಟು, ನಾಲ್ಕು ವಿಶ್ರಾಂತಿ. ಯಾಕೆ ಎಂದರೆ, "ನೆನಪಿಡ್ಲಿಕ್ಕೆ ಸಸಾರ," ಎನ್ನುತ್ತಿದ್ದ. ನಾಲ್ಕೂವರೆಯಾದರೆ ಸಾಕು, ಅರ್ಧ ಆಟ ಬಿಟ್ಟಾದರೂ ಗಾಡಿಗೆ ಓಡುತ್ತಿದ್ದ. ಕತ್ತಲಾಗುವುದರೊಳಗೆ ಮನೆ ಸೇರಬೇಕಂತೆ!

"ದೊಡ್ಡ ಹುಡುಗಿ ನೋಡ್ರಿ!" ಎಂದು ಲುಂಬಿನಿ ಕಾಡಿಸುತ್ತಿದ್ದಳು. ಅವನು ಅದಕ್ಕೂ ನಗುತ್ತಿದ್ದ.

'ಈ ನಗು ನೋಡದಿದ್ದರೆ ದಿನ ಯಾಕೆ ಹೋಗುವುದಿಲ್ಲ ನನಗೆ?'

ಉತ್ತರ ಅವಳಿಗೆ ಗೊತ್ತಿತ್ತು. ಅವಳ ಹೆಸರು, ಅವಳ ಓಣಿ, ಅವನ ಹಣೆಯ ಅಂಗಾರ... ಅದೂ ಗೊತ್ತಿತ್ತು. ಗೊತ್ತಿದ್ದೂ ಬಿದ್ದಳು ಹುಡುಗಿ. ಏನು ಮಾಡುವುದು!

*

ಮಾರ್ಚಿನ ಪಂದ್ಯಾವಳಿಯಲ್ಲಿ ಕಲ್ಲಿನ ತಂಡ ಒಂದೊಂದೇ ಸುತ್ತು ದಾಟಿತು. ಬೆಂಕಿಯ ತಂಡ, ಗಾಳಿಯ ತಂಡ, ಎಲ್ಲವೂ ಧೂಳವ್ವನ ಮುಂದೆ ಮಕಾಡೆ ಬಿದ್ದವು. ಭಾನುವಾರ ಸೆಮಿಫೈನಲ್.

"ಇದೊಂದು ಗೆದ್ದುಬಿಟ್ರ ಸಾಕು," ಎಂದ ಅವನು. "ಆಮ್ಯಾಲ ನಿಮಗ ಒಂದು ಮಾತು ಹೇಳೋದದ."

"ಈಗೇ ಹೇಳ್ರಿ."

"ಊಹೂಂ. ಗೆದ್ದ ಮ್ಯಾಲ. ಸೋತ ಬಾಯಿಲೆ ಹೇಳೋ ಮಾತಲ್ಲ ಅದು."

ಲುಂಬಿನಿ ಆ ದಿನ ರಿಜಿಸ್ಟರಿನಲ್ಲಿ ತಾರೀಕು ತಪ್ಪು ಬರೆದಳು.

ಶನಿವಾರ ಅವನು ಬರಲಿಲ್ಲ. ಮೃಗಗಳಿಗೆ ದಿನಾ ಒಂದು ಆಟ ಆಡಿಸದಿದ್ದರೆ ಬಲ ಇಳಿಯುತ್ತದೆಂದು ಪಾಸ್‌ವರ್ಡ್ ಅವಳಿಗೇ ಕೊಟ್ಟಿದ್ದ. ಅವಳು ಆಡಿಸಿದಳು. ಆಡಿಸಿ, ಅವನಿಗೆ ಏನಾದರೂ ಒಳ್ಳೆಯದು ಮಾಡಬೇಕೆನಿಸಿತು.

ಯಾರ್ಡಿನಲ್ಲಿ ಕಲ್ಲು ಪೇರಿಸುವುದಕ್ಕೆ ಒಂದು ಪದ್ಧತಿ ಇದೆ. ದಪ್ಪ ಕಲ್ಲು ತಳಕ್ಕೆ, ತೆಳುವಾದದ್ದು ಮೇಲಕ್ಕೆ. ಹಾಗೆ ಪೇರಿಸಿದ ರಾಶಿ ಜಾರುವುದಿಲ್ಲ, ಬೇಕಾದದ್ದು ಕೈಗೆ ಸಿಗುತ್ತದೆ. ಅವಳು ಚಿಕ್ಕಂದಿನಿಂದ ನೋಡಿದ್ದು ಅದನ್ನೇ. 'ಭಾರದ ಏಟನ್ನ ಮೇಲಿಟ್ಟುಕೊಂಡು ಕೂತಿದ್ದಾನೆ, ಪೆದ್ದ!' ಎಂದುಕೊಂಡು ಆರೂ ಮೃಗಗಳ ಪಟ್ಟುಗಳನ್ನು ತಿರುವಿ ಜೋಡಿಸಿದಳು. ದೊಡ್ಡ ಏಟು ತಳಕ್ಕೆ, ನಾಲ್ಕನೆಯದು. ವಿಶ್ರಾಂತಿ ಮೇಲಕ್ಕೆ, ಒಂದನೆಯದು. ನಾಳೆ ನೋಡಿದ ತಕ್ಷಣ ಅವನಿಗೆ ತಿಳಿಯುತ್ತದೆ, ಖುಷಿಪಡುತ್ತಾನೆ ಎಂದು ತನ್ನಲ್ಲೇ ನಕ್ಕಳು.

ಅದೇ ಸಂಜೆ ವಾಡಿ ಸ್ಟೇಷನ್ನಿನಲ್ಲಿ ಅವಳ ಗಾಡಿ ತಡವಾಯಿತು. ಹೊತ್ತು ಮುಳುಗಿ ಮಬ್ಬಾಗಿತ್ತು. ಆಗ ಕಂಡ! ಕಲಬುರಗಿ ಕಡೆಯ ಗಾಡಿಯಿಂದ ಇಳಿದು ಬರುತ್ತಿದ್ದ ಪ್ರಾಣೇಶ. ಅವನ ತೋಳು ಹಿಡಿದುಕೊಂಡು ನಡೆಯುತ್ತಿದ್ದ ಹೆಂಗಸು ಅವನ ತಾಯಿಯೇ ಇರಬೇಕು.

ಲುಂಬಿನಿ ಕೈ ಎತ್ತಿದಳು. ಅವನು ನೇರವಾಗಿ ಅವಳ ಕಡೆಗೇ ಬರುತ್ತಿದ್ದ. ನಾಲ್ಕು ಹೆಜ್ಜೆ... ಎರಡು ಹೆಜ್ಜೆ... ಅವಳು ನಕ್ಕಳು. ಅವನ ಮುಖ ಅವಳ ಕಡೆಗೇ ತಿರುಗಿತ್ತು.

ಅವನು ಹಾಗೇ ದಾಟಿ ಹೋದ. ಒಂದು ನಗುವಿಲ್ಲ, ಒಂದು ಮಾತಿಲ್ಲ.

ಎತ್ತಿದ ಕೈ ಇಳಿಸುವುದು ಅವಳಿಗೆ ಮರೆತೇ ಹೋಯಿತು.

'ತಾಯಿಯ ಮುಂದೆ ನನ್ನ ಗುರುತು ಸಿಗಲಿಲ್ಲ, ಅಲ್ಲವೇ? ಸೈಬರಿನ ಸ್ಟೂಲಿಗೆ ಸರಿ ನಾನು... ಪ್ಲಾಟ್‌ಫಾರಮ್ಮಿಗೆ ಸರಿಯಲ್ಲ!'

ಗಾಡಿಯಲ್ಲಿ ಕಿಟಕಿಗೆ ಮುಖ ಕೊಟ್ಟು ಶಹಾಬಾದದವರೆಗೂ ಅತ್ತಳು.

*

ಭಾನುವಾರ ಅವನು ಬಂದಾಗ ಅವಳು ಕೌಂಟರಿನಿಂದ ಏಳಲಿಲ್ಲ.

"ಬರ್ರಿ, ಕುಂದ್ರಿ ಬಾಜೂಕ. ಚಾಲೂ ಆಗ್ಲಿಕತ್ತದ!"

"ನಂಗ ಕೆಲಸ ಅದ. ನೀವೇ ಆಡ್ರಿ."

ಅವನು ಒಂದು ಗಳಿಗೆ ಅವಳ ದನಿಯ ಕಡೆ ತಿರುಗಿ ನಿಂತ. ಆಮೇಲೆ ಒಬ್ಬನೇ ಕೂತ. ಅವಳು ಬೆನ್ನು ತಿರುಗಿಸಿಕೊಂಡು ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತಿದ್ದಳು. ಆರು ನಿಮಿಷ. ಅಷ್ಟರಲ್ಲಿ ಎಲ್ಲ ಮುಗಿಯಿತು. ಆರೂ ಬಿದ್ದವು, ಎದುರಿನವನ ಒಂದೂ ಬೀಳಲಿಲ್ಲ.

"ಯಾರರೇ ಮುಟ್ಟಿದ್ರೇನು ನನ್ನ ತಂಡ?" ಪ್ರಾಣೇಶ ಕುರ್ಚಿ ತಿರುಗಿಸಿ ಕೇಳಿದ.

"ನಾನೇ ಮುಟ್ಟೀನಿ."

"ಯಾಕ?"

ಅವಳಿಗೆ ಹಿಂದಿನ ಸಂಜೆ ತಾನು ಎತ್ತಿದ ಕೈ ನೆನಪಾಯಿತು.

"ಒಂದು ಸಲ ಕಣ್ಣು ತೆರೆದು ನೋಡಿದ್ರ ಗೊತ್ತಾಗ್ತಿತ್ತಲ್ಲ! ನೋಡ್ಲಿಕ್ಕೆ ಬರಂಗಿಲ್ಲೇನ್ರಿ ನಿಮಗ?"

ಅವನ ಮುಖದ ರಕ್ತವೆಲ್ಲ ಇಳಿದು ಹೋಯಿತು. ಚೀಲ ಹುಡುಕಿಕೊಂಡು, ಬಾಗಿಲಿನ ಚೌಕಟ್ಟಿಗೆ ಭುಜ ತಗುಲಿಸಿಕೊಂಡು ಹೊರಗೆ ಹೋದ.

ಮತ್ತೆ ಬರಲಿಲ್ಲ. ಒಂದು ವಾರ, ಎರಡು ವಾರ, ಮೂರು. ನಾಲ್ಕನೇ ನಂಬರಿನ ಮುಂದೆ ಯಾರು ಯಾರೋ ಕೂತರು, ಎದ್ದರು. ಸೋತವರಿಗೆ ಮೂರನೇ ಸ್ಥಾನದ ಪಂದ್ಯವಿದೆ, ಬರುವ ಭಾನುವಾರ ಮೂರು ಗಂಟೆಗೆ ಎಂಬ ಸಂದೇಶ ಅವನ ಖಾತೆಗೆ ಬಂದಿತ್ತು. ಅದನ್ನು ಓದಲು ಒಳಹೊಕ್ಕ ಲುಂಬಿನಿಗೆ ಆ ದಿನದ ಆಟದ ದಾಖಲೆ ಕಣ್ಣಿಗೆ ಬಿತ್ತು.

ಧೂಳವ್ವ: ಒಂದು, ಒಂದು, ಒಂದು. ಫರಸಿ: ಒಂದು, ಒಂದು, ಎರಡು. ಉಳಿ: ಒಂದು, ಒಂದು...

ಒಂದು ಎಂದರೆ ಅವಳು ಇಟ್ಟ ವಿಶ್ರಾಂತಿ. ಎದುರಿನವನು ಹೊಡೆಯುತ್ತಿದ್ದಾಗ ಇವನ ಮೃಗಗಳು ಒಂದರ ಹಿಂದೊಂದು ಕೂತು ದಣಿವಾರಿಸಿಕೊಂಡಿದ್ದವು! ಪರದೆಯ ಮೇಲೆ ಪಟ್ಟುಗಳ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ನೋಡುವವನು ಯಾರಾದರೂ ಹೀಗೆ ಒತ್ತುತ್ತಾನೆಯೇ?

'ನೋಡುವವನು...'

ಉರುಳಿದ ಬಾಟಲಿ. ಕೋಳಿಯ ಹಾಗೆ ಆಡುವ ತಲೆ. ನಾಲ್ಕೂವರೆಯ ಗಾಡಿ. ಬಾಗಿಲಿಗೆ ತಗುಲಿದ ಭುಜ. ಮಬ್ಬುಗತ್ತಲೆಯ ಪ್ಲಾಟ್‌ಫಾರಂ...

"ಚಾಚಾ!" ಅವಳು ಕೂಗಿದಳು. "ಪ್ರಾಣೇಶ ಅವ್ರಿಗಿ ಕಣ್ಣು...?"

ಬಂದೇಅಲಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೌದು ಬೇಟಿ. ಕೊಳವಿ ಒಳಗಿಂದ ನೋಡಿದಂಗ, ನಡುವಿಂದು ಇಷ್ಟೇ ಕಾಣ್ತದಂತ. ಬೆಳಕು ಕಮ್ಮಿ ಆಯ್ತಂದ್ರ ಅದೂ ಇಲ್ಲ. ನಿನಗ ಹೇಳಬ್ಯಾಡ ಅಂತ ಕಸಮ್ ಹಾಕ್ಸಿದ್ದ."

"ಯಾಕ ಚಾಚಾ?"

"ನೀ ಪಾಪ ಅಂತೀದಿ ಅಂತ."

ಅವಳು ಅವನಿಗೆ ಅಂದದ್ದು ಏನು! ಅದೂ ಎರಡು ಸಲ! ಲುಂಬಿನಿ ಕೀಬೋರ್ಡಿನ ಮೇಲೆ ತಲೆಯಿಟ್ಟು ಬಿಕ್ಕಿದಳು.

*

ಭಾನುವಾರ ಬೆಳಿಗ್ಗೆ, ಚಾಚಾ ಹೇಳಿದ ಗುರುತಿನ ಮೇಲೆ, ಅವಳು ಚಿತ್ತಾಪುರದ ಪ್ರಾಣೇಶನ ಮನೆಯ ಬಾಗಿಲು ಬಡಿದಳು. ಬಾಗಿಲು ತೆಗೆದವರು ಪ್ಲಾಟ್‌ಫಾರಮ್ಮಿನ ಅದೇ ಹೆಂಗಸು, ಅವನ ತಾಯಿ ಶಾರದಾಬಾಯಿ.

"ಪ್ರಾಣೇಶ ಅವ್ರು ಇದ್ದಾರೇನ್ರಿ? ನಾ ವಾಡಿ ಸೈಬರದಾಕಿ... ಲುಂಬಿನಿ."

ಶಾರದಾಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಶಹಾಬಾದದಾಗ ಯಾವ ಓಣಿ?"

ಹೇಳಿದಳು. ತಲೆ ತಗ್ಗಿಸದೆ ಹೇಳಿದಳು.

ಆ ತಾಯಿ ಬಹಳ ಹೊತ್ತು ಬಾಗಿಲು ಹಿಡಿದು ನಿಂತರು.

"ಹೈದರಾಬಾದ ಆತು, ಕಲಬುರಗಿ ಆತು. ಎಲ್ಲಾ ಡಾಕ್ಟರು ಒಂದೇ ಮಾತು ಹೇಳಿದ್ರು. ಔಷಧಿಲ್ಲ. ಒಂದು ವರ್ಷ, ಭಾಳಂದ್ರ ಎರಡು," ಎಂದರು ಕೊನೆಗೆ. "ಮೂರು ವಾರದಿಂದ ಯಾರ ಜೋಡಿನೂ ಮಾತಿಲ್ಲ. ಹುಡುಗರಿಗಿ ಪಾಠನೂ ಬಿಟ್ಟಾನ. ನಿನ್ನ ಹೆಸರು ಮಾತ್ರ ಒಂದು ಸಲ ನಿದ್ದಿಯಾಗ ಅಂದ."

"ಅವ್ವಾರ..."

"ನಾಳಿ ಏನಂತ ನನ್ನ ಕೇಳಬ್ಯಾಡವ್ವ, ನಂಗ ಗೊತ್ತಿಲ್ಲ. ಈ ಮನ್ಯಾಗ ನಾ ಒಬ್ಬಾಕೇ ಇಲ್ಲ. ಇವತ್ತು ಒಳಗ ಬಾ."

ಅವನು ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ. ಅವಳ ಹೆಜ್ಜೆ ಕೇಳಿ ಸೆಟೆದ.

"ದಪ್ಪ ಕಲ್ಲು ತಳಕ್ಕ ಇಡ್ತಾರ ರೀ ನಮ್ಮ ಯಾರ್ಡಿನಾಗ," ಎಂದಳು ಅವಳು, ನಮಸ್ಕಾರವಿಲ್ಲ ಏನಿಲ್ಲ. "ಅದಕ್ಕ ಹಂಗ ಜೋಡ್ಸಿದ್ದೆ. ನಿಮಗ ಖುಷಿ ಆಗ್ಲಿ ಅಂತ. ನಂಗ ಗೊತ್ತಿರ್ಲಿಲ್ಲ... ಖರೇ ಗೊತ್ತಿರ್ಲಿಲ್ಲ ರೀ!"

ಅವನು ಮುಖ ಆಚೆ ತಿರುಗಿಸಿಕೊಂಡ.

"ಹಿಂದಿನ ದಿನ ಪ್ಲಾಟ್‌ಫಾರಮ್ಮಿನ ಮ್ಯಾಲ ನಿಮ್ಮೆದುರಿಗೇ ನಿಂತಿದ್ದೆ. ಕೈ ಎತ್ತಿದ್ದೆ. ನೀವು ದಾಟಿ ಹೋದ್ರಿ. ನಮ್ಮ ಓಣಿ ನೆನಪಾಗಿ ಗುರುತು ತಪ್ಪಿಸಿದ್ರಿ ಅಂದ್ಕೊಂಡೆ."

"ಇದ್ದಿಯೇನು ನೀ... ಅಲ್ಲಿ?" ಅವನ ದನಿ ಒಡೆಯಿತು. "ಕೈ ಎತ್ತಿದ್ದಿಯೇನು?"

"ಹೂಂ."

"ಅಯ್ಯೋ ಲುಂಬಿನಿ..." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಆ ದಿನ ಕಡೀ ಡಾಕ್ಟರು ಕಡೀ ಮಾತು ಹೇಳಿ ಕಳಿಸಿದ್ದ. ಒಂದು ಆಟನರೇ ಗೆಲ್ಲಬೇಕು, ಬೆಳಕು ಹೋಗೋದ್ರೊಳಗ ಒಂದರೇ ಗೆದ್ದು ನಿನ್ನ ಮುಂದ ನಿಲ್ಲಬೇಕು ಅಂತ ಇತ್ತು. ಅದಕ್ಕೇ ಒಂದೇ ಬಗೀ ತಂಡ. ಒಂದನ್ನ ಬಾಯಿಪಾಠ ಮಾಡಿದ್ರ ಆರೂ ಬಂದಂಗ. ನೋಡೋದು ಬೇಕಾಗಂಗಿಲ್ಲ."

"ಇವತ್ತು ಮೂರಕ್ಕ ಒಂದು ಆಟ ಅದ. ಏಳ್ರಿ."

"ಯಾರ ಜೋಡಿ?"

"ನೀರಿನ ತಂಡ."

ಅವನು ಮೂರು ವಾರದ ಮೇಲೆ ಮೊದಲ ಸಲ ನಕ್ಕ. "ಹಂಗಾರ ಸೋತಂಗೇ!"

"ಸೋಲೋಣಂತ, ಬರ್ರಿ."

*

ಸೋತರು.

ಅವಳು ಒಂದೊಂದೂ ಓದಿ ಹೇಳಿದಳು. ಪಟ್ಟುಗಳನ್ನು ಅವನ ಕ್ರಮಕ್ಕೇ ಮರಳಿಸಿದ್ದಳು. ಧೂಳವ್ವ ಧೂಳೆಬ್ಬಿಸಿತು. ಎದುರಿನವನು ಮಳೆ ತರಿಸಿ ಎಲ್ಲ ತೊಳೆದು ಹಾಕಿದ. ಆದರೂ ನಲವತ್ತು ನಿಮಿಷ ಎಳೆದರು. ಎದುರಿನವನ ಐದು ಬಿದ್ದವು. ಕೊನೆಗೆ ಹೆಸರಿಲ್ಲದ ಆರನೆಯದು ಒಂಟಿಯಾಗಿ ನಿಂತು ಮೂರು ಏಟು ತಿಂದು ಬಿತ್ತು. ಬಂದೇಅಲಿ ಚಾಚಾ ಕರವಸ್ತ್ರದಿಂದ ಮೂಗು ಒರೆಸಿಕೊಂಡ.

ಸಂಜೆಯ ಗಾಡಿ ತಡ. ಅದೇ ಪ್ಲಾಟ್‌ಫಾರಂ. ಹೊತ್ತು ಮುಳುಗಿತು. ಒಂದು ಕಡೆಯ ಗಾಡಿ ಅವಳದು, ಇನ್ನೊಂದು ಕಡೆಯದು ಅವನದು. ಚಿತ್ತಾಪುರದಲ್ಲಿ ಇಳಿಸಿಕೊಳ್ಳಲು ತಾಯಿ ಸ್ಟೇಷನ್ನಿಗೆ ಬರುತ್ತೇನೆಂದಿದ್ದರು.

"ಕತ್ತಲಾತೇನು?" ಎಂದು ಕೇಳಿದ.

"ಆಗಾಕತ್ತದ."

"ನಂಗ ಆಗೇಬಿಟ್ಟದ." ಅವಳ ದನಿಯ ಕಡೆಗೆ ತಿರುಗಿ ಹೇಳಿದ. "ಗೆದ್ದ ಮ್ಯಾಲ ಹೇಳ್ತೀನಿ ಅಂದಿದ್ನಲ್ಲ. ಇನ್ನ ಗೆಲ್ಲೋದು ಆಗಂಗಿಲ್ಲ ಅನಸ್ತದ. ಸೋತ ಬಾಯಿಲೇ ಹೇಳ್ತೀನಿ. ನೀ ಅಂದ್ರ ನಂಗ ಜೀವ, ಲುಂಬಿನಿ. ಆದ್ರ ಕೊಡ್ಲಿಕ್ಕೆ ನನ್ನ ಹತ್ರ ಏನೂ ಇಲ್ಲ. ಒಂದು ವರ್ಷದ ಬೆಳಕು, ಅಷ್ಟೇ. ನಮ್ಮ ಮನ್ಯಾಗ ಒಪ್ಪಂಗಿಲ್ಲ."

"ನಮ್ಮಪ್ಪನೂ ಒಪ್ಪಂಗಿಲ್ಲ. ಕಣ್ಣು ಕಾಣದವನ್ನ ಕಟ್ಕೊಂಡು ಏನು ಮಾಡ್ತೀದಿ ಅಂತಾನ."

"ಖರೇನೇ ಅಂತಾರ ಅವ್ರು."

"ಅನ್ಲಿ ಬಿಡ್ರಿ." ಅವಳ ಕೆನ್ನೆ ತೊಯ್ದಿತ್ತು. ಅವನಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲೂ ಇಲ್ಲ. "ಆ ಒಂದು ವರ್ಷ ನಂಗೇ ಕೊಡ್ರಿ. ಆಮ್ಯಾಲಿಂದೂ ನಂದೇ."

ಅವನು ಕೈ ಚಾಚಿದ. ಕತ್ತಲಲ್ಲಿ ಆ ಕೈ ಅವಳನ್ನು ಹುಡುಕಿ ತಪ್ಪಿತು. ಪ್ಲಾಟ್‌ಫಾರಮ್ಮಿನ ತುಂಬ ಜನ. ಅವನ ಊರಿನವರೂ ಇದ್ದರು, ಅವಳ ಊರಿನವರೂ ಇದ್ದರು. ಲುಂಬಿನಿ ಆ ಕೈ ಹಿಡಿದು ತನ್ನ ಭುಜದ ಮೇಲೆ ಇಟ್ಟುಕೊಂಡಳು. ಯಾರೋ ತಿರುಗಿ ನೋಡಿದರು. ಇಬ್ಬರೂ ಅಲ್ಲಾಡಲಿಲ್ಲ.

"ಕಡೀಕ ಆರನೇದು ಬಿದ್ದಾಗ ಏನಂತ ಬಂತು ಪರದಿ ಮ್ಯಾಲ?" ಎಂದ ಅವನು ಮೆಲ್ಲಗೆ.

"'ಹೆಸರಿಲ್ಲದ್ದು ಬಿತ್ತು' ಅಂತ. ಯಾಕ ಹೆಸರಿಡ್ಲಿಲ್ಲ ರೀ ಅದಕ್ಕ?"

"ನಿನ್ನ ಹೆಸರು ಇಡಬೇಕಂತ ಮೊದಲ ದಿನದಿಂದ ಇತ್ತು. ಬೆರಳು ಏಳಲಿಲ್ಲ. ಸೋತಾಗ 'ಲುಂಬಿನಿ ಬಿದ್ದಳು' ಅಂತ ಬರ್ತದಲ್ಲ... ಅದನ್ನ ನಿನ್ನ ಬಾಯಿಲೆ ಓದಿಸಿ ಹ್ಯಾಂಗ ಕೇಳ್ಲಿ?"

ದೂರದಲ್ಲಿ ಗಾಡಿಯ ಕೂಗು ಕೇಳಿತು. ಯಾವ ಕಡೆಯದೋ ಇನ್ನೂ ಗೊತ್ತಾಗಲಿಲ್ಲ.

"ಇಡ್ರಿ," ಎಂದಳು ಲುಂಬಿನಿ. "ಮುಂದಿನ ಐತಾರ ಬಂದು ನನ್ನ ಹೆಸರೇ ಇಡ್ರಿ. ಬಿದ್ರ ಬಿದ್ದೆ ಅಂತ ನಾನೇ ಓದಿ ಹೇಳ್ತೀನಿ."

"ಸಿಟ್ಟು ಬರಂಗಿಲ್ಲೇನು?"

"ಬಿದ್ದಾಗ ಬಾಜೂಕ ನೀವು ಕುಂತಿರ್ತೀರಲ್ಲ."

ಅವಳ ಭುಜದ ಮೇಲಿದ್ದ ಕೈ ಬಿಗಿಯಾಯಿತು.

"ಕುಂತಿರ್ತೀನಿ," ಎಂದ ಪ್ರಾಣೇಶ.